ಗೇರ್ ಬಾಕ್ಸ್‌ಗೆ ಸುಳ್ಳು ಹೇಳಬಾರದು

ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈಲಕ್ಸ್ ಪಿಕಪ್‌ನ ವಿವರಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿ. 2022ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಈ ಗಾಡಿಗೆ ಹಾಕಿದ್ದು 2.8 ಲೀಟರಿನ ಟರ್ಬೊ ಡೀಸೆಲ್ ಎಂಜಿನ್, 204 ಪಿಎಸ್ ಶಕ್ತಿಯದು. ಮ್ಯಾನ್ಯುಯಲ್ ಗೇರಿನ ಗಾಡಿ ಕೊಂಡರೆ ಅದರ ಟಾರ್ಕ್ 420 ನ್ಯೂಟನ್ ಮೀಟರ್. ಆಟೊಮ್ಯಾಟಿಕ್ ಕೊಂಡರೆ 500. ಎಂಜಿನ್ ಒಂದೇ, ಪಿಎಸ್ ಒಂದೇ. ಆದರೂ ತಿರುಚುವ ಬಲದಲ್ಲಿ ಎಂಬತ್ತು ನ್ಯೂಟನ್ ಮೀಟರಿನ ವ್ಯತ್ಯಾಸ. ಕಸುಬಿನವರು ಇದನ್ನು ಓದುವ ರೀತಿ ಒಂದೇ: ಎಂಜಿನ್ ಕಂಪ್ಯೂಟರಿನಲ್ಲಿ ಒಂದು ಮಿತಿ ಬರೆದಿಟ್ಟಿದ್ದಾರೆ, ಆ ಮಿತಿ ಎಷ್ಟಿರಬೇಕೆಂದು ತೀರ್ಮಾನಿಸಿದ್ದು ಹಿಂದೆ ಕೂತಿರುವ ಗೇರ್ ಬಾಕ್ಸ್.

‘ಪಿಕಪ್ ಟ್ಯೂನ್ ಮಾಡಿಸಬೇಕಲ್ಲಪ್ಪ’ ಎಂದು ಫೋನ್ ಮಾಡುವ ನೆಂಟರು, ಸ್ನೇಹಿತರಿಗೆಲ್ಲ ನಾನು ಮೊದಲು ಓದಿ ಹೇಳುವುದು ಈ ಎರಡು ಅಂಕಿಗಳನ್ನೇ. ಟರ್ಬೊ ಎಂಜಿನ್‌ನಿಂದ ಇನ್ನಷ್ಟು ಬಲ ತೆಗೆಯುವುದು ಇವತ್ತು ಕಷ್ಟದ ಕೆಲಸವಲ್ಲ. ಲ್ಯಾಪ್‌ಟಾಪ್, ಒಂದು ಕೇಬಲ್, ಅರ್ಧ ದಿನ ಇದ್ದರೆ ಆಯಿತು. ಆ ಬಲವನ್ನು ಚಕ್ರದವರೆಗೆ ಸಾಗಿಸುವ ಭಾಗ ಅದನ್ನು ತಡೆದುಕೊಳ್ಳುತ್ತದೆಯೇ ಎಂದು ಕೇಳುವವರೇ ಕಡಿಮೆ. ಕಾರ್ಖಾನೆಯವರು ಲೆಕ್ಕ ಹಾಕುವುದು ಗೇರ್ ಬಾಕ್ಸಿನಿಂದ ಎಂಜಿನ್ ಕಡೆಗೆ. ಟ್ಯೂನ್ ಮಾಡುವವರೂ ಅದೇ ದಿಕ್ಕಿನಲ್ಲಿ ಲೆಕ್ಕ ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾನು ಸಕಲೇಶಪುರದ ಕಡೆಯವನು. ಎಂಜಿನ್ ಕ್ಯಾಲಿಬ್ರೇಶನ್ ನನ್ನ ಕೆಲಸ, ಅಂದರೆ ಎಂಜಿನ್ ಕಂಪ್ಯೂಟರಿನೊಳಗೆ ಇರುವ ಸಾವಿರಾರು ಅಂಕಿಗಳನ್ನು ಪರೀಕ್ಷೆ ಮಾಡಿ ಕೂರಿಸುವುದು. ಮನೆ ಚೆನ್ನೈನ ಶೋಳಿಂಗನಲ್ಲೂರಿನಲ್ಲಿ. ಹೊರಗಿನವರಿಗೆ ಇದು ಐಟಿ ಕಂಪನಿಗಳ ಊರು; ಗಾಡಿಯ ಹುಚ್ಚು ಇರುವವರಿಗೆ ಬೇರೆಯೇ ರೀತಿ ಕಾಣುತ್ತದೆ. ಇಲ್ಲಿನ ಎಲ್ಕಾಟ್ ವಿಶೇಷ ಆರ್ಥಿಕ ವಲಯದೊಳಗೆ ಫೋರ್ಡ್ ಕಂಪನಿಯ ದೊಡ್ಡ ತಂತ್ರಜ್ಞಾನ ಕೇಂದ್ರವಿದೆ. ಓಎಂಆರ್, ಅಂದರೆ ಹಳೆ ಮಹಾಬಲಿಪುರಂ ರಸ್ತೆ, ಹಿಡಿದು ದಕ್ಷಿಣಕ್ಕೆ ಹೋದರೆ ಮಹಾಬಲಿಪುರದ ಕಡೆಗೆ ಪೈಯನೂರಿನಲ್ಲಿ ಟರ್ಬೊ ಎನರ್ಜಿ ಕಂಪನಿಯ ಕಾರ್ಖಾನೆ, ಟರ್ಬೊಚಾರ್ಜರ್ ತಯಾರಿಸುವುದೇ ಅವರ ಕೆಲಸ. ಚೆನ್ನೈ ದಾಟಿ ಉತ್ತರಕ್ಕೆ ಹೋದರೆ ಆಂಧ್ರದ ಗಡಿಯಾಚೆ ಶ್ರೀ ಸಿಟಿಯಲ್ಲಿ 2016ರಿಂದ ಇಸುಜು ಪಿಕಪ್ ತಯಾರಾಗುತ್ತಿದೆ. ಮರೈಮಲೈನಗರದಲ್ಲಿ ಫೋರ್ಡ್ ಎಂಡೀವರ್ ತಯಾರಾಗುತ್ತಿತ್ತು, 2021ರಲ್ಲಿ ನಿಂತಿತು. ಕೊನೆಯ ಎಂಡೀವರ್‌ಗಳಿಗೆ ಹತ್ತು ಗೇರಿನ ಆಟೊಮ್ಯಾಟಿಕ್ ಇತ್ತು. ಅವು ಇಂದಿಗೂ ನಮ್ಮ ಕಡೆಯ ಗ್ಯಾರೇಜುಗಳಿಗೆ ಬರುತ್ತವೆ. ಹಾಗಾಗಿ ಆಟೊ ಗೇರ್ ಬಾಕ್ಸ್ ಬಿಚ್ಚಿ ಸರಿಯಾಗಿ ಕೂರಿಸಬಲ್ಲ ಕೈಗಳು ಇಲ್ಲಿವೆ.

ನನ್ನ ಬಳಿ ಇರುವುದು ಇಸುಜು ವಿ-ಕ್ರಾಸ್ ಆಟೊಮ್ಯಾಟಿಕ್, ಟಿಎನ್ 14 ನಂಬರಿನ ಗಾಡಿ. 1.9 ಲೀಟರ್ ಎಂಜಿನ್, 163 ಪಿಎಸ್, 360 ನ್ಯೂಟನ್ ಮೀಟರ್, ಆರು ಗೇರು. ಊರಿನಲ್ಲಿ ದೊಡ್ಡಪ್ಪನ ಮಗನ ಬಳಿಯೂ ಅದೇ ಮಾದರಿಯ ಗಾಡಿ ಇದೆ. ಅದು ತೋಟದೊಳಗೆ ಓಡಾಡುತ್ತದೆ, ಆಫ್‌ರೋಡ್ ಸ್ಪರ್ಧೆಗೆ ಟ್ರೇಲರ್ ಮೇಲೆ ಹೋಗುತ್ತದೆ. ಟ್ಯೂನ್ ಆಗಿರುವುದು ಆ ಗಾಡಿ, ನನ್ನದಲ್ಲ. ಏಕೆ ಎಂದು ಮುಂದೆ ಹೇಳುತ್ತೇನೆ.

ಟರ್ಬೊ ವಿಷಯ ಮೊದಲು ಮುಗಿಸೋಣ. 1,898 ಸಿಸಿಯ ಎಂಜಿನ್ ಟರ್ಬೊ ಇಲ್ಲದೆ, ನಿಮಿಷಕ್ಕೆ 2,000 ಸುತ್ತಿನಲ್ಲಿ ಎಳೆದುಕೊಳ್ಳಬಲ್ಲ ಗಾಳಿ ಹೆಚ್ಚೆಂದರೆ ನಿಮಿಷಕ್ಕೆ 1,900 ಲೀಟರ್. ಅಷ್ಟು ಗಾಳಿಯಲ್ಲಿ ಎಷ್ಟು ಡೀಸೆಲ್ ಪೂರ್ತಿ ಉರಿಯಬಹುದೋ ಅಷ್ಟೇ ಬಲ. ಸೈಲೆನ್ಸರ್ ಕಡೆಗೆ ಹೊರಟ ಬಿಸಿ ಹೊಗೆಯಿಂದ ಒಂದು ಪುಟ್ಟ ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊರಗಾಳಿಯನ್ನು ಒತ್ತಿ ಒಳಗೆ ತುಂಬುವುದು ಟರ್ಬೊದ ಕೆಲಸ. ಎಣ್ಣೆಯ ತೆಳು ಪದರದ ಮೇಲೆ ಆ ದಂಡ ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಒತ್ತಿದ ಗಾಳಿ ಕಾಯುತ್ತದೆ. ಇಲ್ಲಿ ಅಗ್ನಿ ನಕ್ಷತ್ರದ ದಿನಗಳೆಂದು ಕರೆಯುವ ಮೇ ತಿಂಗಳ 40 ಡಿಗ್ರಿ ಗಾಳಿಯನ್ನು ವಾತಾವರಣದ ಒತ್ತಡದ 2.4 ಪಟ್ಟಿಗೆ ಏರಿಸಿದರೆ, ಟರ್ಬೊದಿಂದ ಹೊರಬರುವಾಗ ಅದರ ಶಾಖ 160 ಡಿಗ್ರಿ ದಾಟಿರುತ್ತದೆ. ಅದನ್ನು ತಣಿಸಿ ಎಂಜಿನ್‌ಗೆ ಕಳಿಸಲು ಇಂಟರ್‌ಕೂಲರ್ ಬೇಕು. ಕೆಸರು ಮೆತ್ತಿಕೊಂಡ, ಪೈಪಿನಲ್ಲಿ ಸಣ್ಣ ಬಿರುಕು ಬಿಟ್ಟ ಇಂಟರ್‌ಕೂಲರ್ ಇಟ್ಟುಕೊಂಡು ಟ್ಯೂನ್ ಮಾಡಿಸಲು ಹೋಗುವವರಿದ್ದಾರೆ. ಮೊದಲು ಅದನ್ನು ಸರಿಮಾಡಿಸಿದರೆ ಕಳೆದುಹೋಗಿದ್ದ ಬಲದಲ್ಲಿ ಒಂದಷ್ಟು ತಾನಾಗಿಯೇ ವಾಪಸ್ ಬರುತ್ತದೆ.

ಟ್ಯೂನ್ ಎಂದರೆ ಸರಳವಾಗಿ ಹೇಳುವುದಾದರೆ, ಹೆಚ್ಚು ಗಾಳಿ, ಅದಕ್ಕೆ ತಕ್ಕಷ್ಟು ಹೆಚ್ಚು ಡೀಸೆಲ್, ಸರಿಯಾದ ಗಳಿಗೆಯಲ್ಲಿ. ಗಾಳಿಗಿಂತ ಡೀಸೆಲ್ ಮುಂದಾದರೆ ಕಪ್ಪು ಹೊಗೆ ಏಳುತ್ತದೆ, ಹೊಗೆಯ ಶಾಖ ಏರುತ್ತದೆ. ಟರ್ಬೊಗೆ ಹೋಗುವ ಮೊದಲು ಆ ಹೊಗೆಯ ಶಾಖ ಬಹಳ ಹೊತ್ತು 750–800 ಡಿಗ್ರಿಯಲ್ಲೇ ನಿಂತರೆ ಅಲ್ಯೂಮಿನಿಯಂ ಪಿಸ್ಟನ್ನಿಗೂ ಟರ್ಬೊಗೂ ಅಪಾಯ. ಬಿಎಸ್6 ಗಾಡಿಯಲ್ಲಿ ಮಸಿ ಹಿಡಿದಿಡುವ ಡಿಪಿಎಫ್ ಬೇಗ ತುಂಬಿಕೊಳ್ಳುವುದು ಇನ್ನೊಂದು ತೊಂದರೆ. ಹಿಂದಿನಿಂದ ಬರುವ ಸ್ಕೂಟರಿನವರ ಮುಖಕ್ಕೆ ಮಸಿ ಉಗುಳುವ ಪಿಕಪ್ ಬಲಶಾಲಿ ಎಂದು ತಿಳಿದವರಿಗೆ ಒಂದು ಮಾತು: ಆ ಮಸಿ ಉರಿಯದೆ ಹೋದ ಡೀಸೆಲ್, ಅಂದರೆ ಚಕ್ರಕ್ಕೆ ತಲುಪದೆ ಹೋದ ದುಡ್ಡು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಆಕ್ಸಿಲರೇಟರ್ ತುಳಿದ ಕೂಡಲೇ ಡೀಸೆಲ್ ಸುರಿಯುವುದಿಲ್ಲ. ನಿಮ್ಮ ಪಾದ ಕೇಳಿದ್ದನ್ನು ಕಂಪ್ಯೂಟರ್ ಮೊದಲು ಟಾರ್ಕ್‌ಗೆ ಬದಲಿಸಿಕೊಳ್ಳುತ್ತದೆ: ‘ಇವರಿಗೆ 340 ಬೇಕಂತೆ.’ ಆಮೇಲೆ ಆ ಬೇಡಿಕೆ ಹಲವು ಬಾಗಿಲು ದಾಟಬೇಕು. ಹೊಗೆಯ ಮಿತಿ ಒಂದು, ಶಾಖದ ಮಿತಿ ಒಂದು, ಈಗ ಇರುವ ಗೇರಿಗೆ ಎಷ್ಟು ಟಾರ್ಕ್ ಕೊಡಬಹುದು ಎಂಬ ಮಿತಿ ಒಂದು. ಎಲ್ಲಕ್ಕಿಂತ ಚಿಕ್ಕ ಅಂಕಿಗೇ ಒಪ್ಪಿಗೆ. ಅದರಿಂದ ಇಂಜೆಕ್ಟರ್ ಒಂದು ಸಲಕ್ಕೆ ಎಷ್ಟು ಮಿಲಿಗ್ರಾಂ ಡೀಸೆಲ್ ಚಿಮ್ಮಬೇಕು, ಇಂಜೆಕ್ಟರಿಗೆ ಹೋಗುವ ಡೀಸೆಲಿನ ಒತ್ತಡ, ಅಂದರೆ ರೈಲ್ ಪ್ರೆಶರ್, ಎಷ್ಟು, ಟರ್ಬೊ ಒತ್ತಡ ಎಷ್ಟು ಎಂಬುದು ಹೊರಡುತ್ತದೆ. ಅದೇ ಹೊತ್ತಿಗೆ ಎಂಜಿನ್ ಕಂಪ್ಯೂಟರ್ ಎರಡು ತಂತಿಗಳ ಕ್ಯಾನ್ ಜಾಲದಲ್ಲಿ ಗೇರ್ ಬಾಕ್ಸ್ ಕಂಪ್ಯೂಟರಿಗೆ ಸೆಕೆಂಡಿಗೆ ಹತ್ತಾರು ಸಲ ವರದಿ ಕಳಿಸುತ್ತಿರುತ್ತದೆ: ಈಗ ನಾನು ಕೊಡುತ್ತಿರುವುದು 310, ಈಗ 325, ಈಗ 340.

ಸಾಮಾನ್ಯವಾಗಿ ಇಂಥ ಪಿಕಪ್‌ಗಳ ಗೇರ್ ಬಾಕ್ಸಿನಲ್ಲಿ ಟಾರ್ಕ್ ಅಳೆಯುವ ಸೆನ್ಸರ್ ಇರುವುದಿಲ್ಲ. ಎಂಜಿನ್ ಹೇಳಿದ ಅಂಕಿಯನ್ನು ಅದು ನಂಬುತ್ತದೆ. ಆ ಅಂಕಿಗೆ ತಕ್ಕಂತೆ ತನ್ನೊಳಗಿನ ಎಣ್ಣೆಯ ಒತ್ತಡವನ್ನು, ಅಂದರೆ ಲೈನ್ ಪ್ರೆಶರನ್ನು, ಏರಿಸಿ ಇಳಿಸಿ ಕ್ಲಚ್ ತಟ್ಟೆಗಳನ್ನು ಅದುಮಿ ಹಿಡಿಯುತ್ತದೆ. ಯಾವಾಗಲೂ ಪೂರ್ತಿ ಒತ್ತಡದಲ್ಲೇ ಹಿಡಿದರೆ ಪಂಪ್ ತಿರುಗಿಸಲು ಡೀಸೆಲ್ ವ್ಯರ್ಥ, ಗೇರು ಬಿದ್ದಾಗೆಲ್ಲ ಧಡ್ ಎನ್ನುವ ಹೊಡೆತ. ಆದ್ದರಿಂದ ಬೇಕಾದಷ್ಟು, ಅದರ ಮೇಲೆ ಸ್ವಲ್ಪ, ಅಷ್ಟೇ.

ಆನ್‌ಲೈನಿನಲ್ಲಿ ಸಿಗುವ ಅಗ್ಗದ ‘ಟ್ಯೂನಿಂಗ್ ಬಾಕ್ಸ್’ ಏನು ಮಾಡುತ್ತದೆಂದು ಈಗ ನೋಡಿ. ಅದನ್ನು ರೈಲ್ ಪ್ರೆಶರ್ ಸೆನ್ಸರಿಗೂ ಎಂಜಿನ್ ಕಂಪ್ಯೂಟರಿಗೂ ನಡುವೆ ಸಿಕ್ಕಿಸುತ್ತಾರೆ. ಸೆನ್ಸರ್ ಹೇಳಿದ್ದಕ್ಕಿಂತ ಕಡಿಮೆ ಒತ್ತಡವನ್ನು ಅದು ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರ್ ‘ಅಯ್ಯೋ ಕಡಿಮೆಯಾಯಿತು’ ಎಂದು ಒತ್ತಡ ಏರಿಸುತ್ತದೆ, ಇಂಜೆಕ್ಟರಿನಿಂದ ಹೆಚ್ಚು ಡೀಸೆಲ್ ಹೋಗುತ್ತದೆ, ಗಾಡಿ ಚಿಮ್ಮುತ್ತದೆ. ಎಂಜಿನ್ ಕಂಪ್ಯೂಟರ್ ಮಾತ್ರ ತಾನು 360 ಕೊಡುತ್ತಿದ್ದೇನೆ ಎಂದೇ ತಿಳಿದಿರುತ್ತದೆ. ನಿಜವಾಗಿ ಹೋಗುತ್ತಿರುವುದು 430 ಇರಬಹುದು. ಗೇರ್ ಬಾಕ್ಸಿಗೆ ತಲುಪುವ ವರದಿ 360. ಅದು 360ಕ್ಕೆ ಎಷ್ಟು ಬೇಕೋ ಅಷ್ಟು ಒತ್ತಡದಲ್ಲಿ ತಟ್ಟೆಗಳನ್ನು ಹಿಡಿಯುತ್ತದೆ. ತಟ್ಟೆ ಜಾರುತ್ತದೆ. ಓಡಿಸುವವನಿಗೆ ಮೊದಲ ತಿಂಗಳು ಏನೂ ಗೊತ್ತಾಗುವುದಿಲ್ಲ, ಗೇರು ಬೆಣ್ಣೆಯಷ್ಟು ನುಣುಪಾಗಿ ಬೀಳುತ್ತಿದೆ ಎಂದು ಖುಷಿಪಡುತ್ತಾನೆ ಕೂಡ. ಆ ನುಣುಪೇ ಜಾರಿಕೆ.

ಬಾಕ್ಸ್ ಹಾಕದೆ ಕಂಪ್ಯೂಟರಿನ ಫೈಲನ್ನೇ ಬದಲಿಸುವ ರೀಮ್ಯಾಪ್‌ನಲ್ಲೂ ಇದೇ ಸುಳ್ಳು ನುಸುಳಬಹುದು. ಅವಸರದ ಟ್ಯೂನರ್ ಟಾರ್ಕ್‌ನ ಲೆಕ್ಕಾಚಾರವನ್ನು ಮುಟ್ಟದೆ, ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂಬ ಕೊನೆಯ ಕೋಷ್ಟಕವನ್ನಷ್ಟೇ ಹಿಗ್ಗಿಸಿಬಿಡುತ್ತಾನೆ. ಫಲ ಅದೇ. ಒಳ್ಳೆಯ ಟ್ಯೂನರ್ ಮೇಲಿನಿಂದ ಕೆಳಗಿನವರೆಗೆ ಇಡೀ ಸರಪಣಿಯನ್ನು ತಿದ್ದುತ್ತಾನೆ, ವರದಿ ಮಾಡಿದ ಟಾರ್ಕ್ ಮತ್ತು ಡೈನೊ ಎಂಬ ಅಳತೆಯಂತ್ರದ ಮೇಲೆ ಅಳೆದ ಟಾರ್ಕ್ ಒಂದಕ್ಕೊಂದು ತಾಳೆಯಾಗುವ ತನಕ ಬಿಡುವುದಿಲ್ಲ. ಅದಕ್ಕೆ ಹೆಚ್ಚು ದಿನ ಹಿಡಿಯುತ್ತದೆ, ಹೆಚ್ಚು ಹಣ ಆಗುತ್ತದೆ. ಕೊಡಬೇಕು.

ಜಾರಿದ ತಟ್ಟೆ ಹೇಗಿರುತ್ತದೆ ಎಂಬುದನ್ನು ಮೇಡವಾಕ್ಕಂ ರಸ್ತೆಯ ಒಂದು ಗ್ಯಾರೇಜಿನಲ್ಲಿ ನೋಡಿದೆ. ಹೊರಗಿನಿಂದ ಬಾಕ್ಸ್ ಹಾಕಿಸಿದ್ದ ಪಿಕಪ್ ಒಂದರ ಗೇರ್ ಬಾಕ್ಸ್ ಮೇಜಿನ ಮೇಲೆ ಬಿಚ್ಚಿಟ್ಟಿತ್ತು. ಆಯಿಲ್ ಪ್ಯಾನಿನ ಮ್ಯಾಗ್ನೆಟ್ ಎತ್ತಿ ತೋರಿಸಿದ ಮೇಸ್ತ್ರಿ ಬೆರಳಿನಿಂದ ಅದನ್ನು ಉಜ್ಜಿದರು. ಬೂದು ಬಣ್ಣದ, ನುಣ್ಣನೆಯ ಲೇಪ. ‘ಇಷ್ಟು ಇದ್ರೆ ಭಯ ಇಲ್ಲ ಸಾರ್, ಎಲ್ಲಾ ಗಾಡೀಲೂ ಇರುತ್ತೆ’ ಎಂದು ತಮಿಳಿನಲ್ಲಿ ಹೇಳಿ, ಬಿಳಿ ಟಿಶ್ಯೂ ಮೇಲೆ ಎಣ್ಣೆಯ ಒಂದು ಹನಿ ಬಿಟ್ಟರು. ಕೆಂಪಿರಬೇಕಾದ ಎಟಿಎಫ್, ಅಂದರೆ ಆಟೊ ಗೇರ್ ಬಾಕ್ಸಿನ ಎಣ್ಣೆ, ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು, ಹನಿ ಹರಡಿದಂತೆ ನಡುವೆ ಕಪ್ಪು ಕಣಗಳು ಉಳಿದವು. ಅವು ಕಬ್ಬಿಣವಲ್ಲ, ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಕ್ಲಚ್ ತಟ್ಟೆಯ ಮೇಲಿನ ಪದರದ ಪುಡಿ. ಆಮೇಲೆ ತಟ್ಟೆಗಳನ್ನು ಒಂದೊಂದಾಗಿ ತೆಗೆದಿಟ್ಟರು. ಒಂದು ಉಕ್ಕಿನದು, ಒಂದು ಪದರ ಹಚ್ಚಿದ್ದು, ಮತ್ತೆ ಉಕ್ಕಿನದು, ಹೀಗೆ ಸರದಿ. ಆ ಪದರ ಕಾಗದದ ಜಾತಿಯ ನಾರು, ಅಂಟಿನಿಂದ ಕೂರಿಸಿದ್ದು. ಒಂದು ಮಿಲಿಮೀಟರೂ ದಪ್ಪವಿರುವುದಿಲ್ಲ. ಚೆನ್ನಾಗಿದ್ದ ತಟ್ಟೆಯಲ್ಲಿ ಸಣ್ಣ ಗೀರುಗಾಲುವೆಗಳು ಎದ್ದು ಕಾಣುತ್ತಿದ್ದವು. ಜಾರಿದ ತಟ್ಟೆ ನುಣ್ಣಗೆ ಹೊಳೆಯುತ್ತಿತ್ತು, ಪಕ್ಕದ ಉಕ್ಕಿನ ತಟ್ಟೆಯ ಮೇಲೆ ನೀಲಿ ಕಲೆಗಳಿದ್ದವು. ಉಕ್ಕು ನೀಲಿಯಾಗಬೇಕಾದರೆ ಶಾಖ 300 ಡಿಗ್ರಿಯ ಹತ್ತಿರ ಹೋಗಿರಬೇಕು.

ಅಷ್ಟು ಶಾಖ ಎಲ್ಲಿಂದ ಬಂತು ಎಂಬುದಕ್ಕೆ ಒಂದು ಲೆಕ್ಕ ಸಾಕು. ಕ್ಲಚ್ 400 ನ್ಯೂಟನ್ ಮೀಟರ್ ಸಾಗಿಸುತ್ತ, ನಿಮಿಷಕ್ಕೆ ಬರೀ 200 ಸುತ್ತಿನಷ್ಟು ಜಾರಿದರೆ, ಅಲ್ಲಿ ಶಾಖವಾಗಿ ಕಳೆಯುವ ಶಕ್ತಿ ಎಂಟು ಕಿಲೋವ್ಯಾಟಿಗೂ ಹೆಚ್ಚು. ಬಚ್ಚಲುಮನೆಯ ಎರಡು ಕಿಲೋವ್ಯಾಟಿನ ಗೀಸರ್ ನಾಲ್ಕನ್ನು ಒಟ್ಟಿಗೆ ಹಾಕಿ, ಅಂಗೈಯಗಲದ ಕೆಲವು ತಟ್ಟೆಗಳ ನಡುವೆ ಇಟ್ಟಂತೆ. ಟ್ಯಾಕೊಮೀಟರಿನಲ್ಲಿ 200 ಸುತ್ತಿನ ಏರಿಕೆ ಒಂದು ಸಣ್ಣ ಅಲುಗಾಟ, ಕಣ್ಣಿಗೆ ಬೀಳುವುದೂ ಕಷ್ಟ.

ಶಾಖವೇ ಆಟೊ ಗೇರ್ ಬಾಕ್ಸಿನ ನಿಜವಾದ ಶತ್ರು, ಆದ್ದರಿಂದ ಗಟ್ಟಿಗೊಳಿಸುವ ಕೆಲಸ ಎಣ್ಣೆಯಿಂದ ಶುರುವಾಗಬೇಕು. ಎಟಿಎಫ್ ಇಲ್ಲಿ ಜಿಡ್ಡು ಮಾತ್ರ ಅಲ್ಲ. ತಟ್ಟೆ ಅದುಮುವ ಒತ್ತಡ ಅದರಿಂದ, ಎಂಜಿನ್ನಿಗೂ ಗೇರುಗಳಿಗೂ ನಡುವಿನ ಟಾರ್ಕ್ ಕನ್ವರ್ಟರಿನಲ್ಲಿ ಬಲ ಸಾಗಿಸುವುದು ಅದು, ಶಾಖ ಹೊತ್ತೊಯ್ಯುವುದೂ ಅದೇ. 80ರಿಂದ 95 ಡಿಗ್ರಿಯಲ್ಲಿ ಅದು ಸುಖವಾಗಿರುತ್ತದೆ. 120 ದಾಟಿ ಅಲ್ಲೇ ನಿಂತರೆ ವಾಲ್ವ್‌ಗಳ ಮೇಲೆ ಅರಗಿನಂಥ ಪದರ ಕಟ್ಟಲು ಶುರುವಾಗುತ್ತದೆ, ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ. ಪ್ರತಿ ಹತ್ತು ಹನ್ನೊಂದು ಡಿಗ್ರಿ ಏರಿದಂತೆ ಎಣ್ಣೆಯ ಆಯುಸ್ಸು ಅರ್ಧವಾಗುತ್ತದೆ ಎಂಬುದು ಕಸುಬಿನವರ ಹಳೆಯ ಲೆಕ್ಕ.

ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಹೋಗುವಾಗ ಕನ್ವರ್ಟರಿನ ಲಾಕ್ ಕ್ಲಚ್ ಕೂತಿರುತ್ತದೆ, ಜಾರಿಕೆಯಿಲ್ಲ, ಎಣ್ಣೆ ತಣ್ಣಗೆ. ಕಷ್ಟ ಇರುವುದು ನಮ್ಮ ಶೋಳಿಂಗನಲ್ಲೂರ್ ಸಿಗ್ನಲ್ಲಿನಲ್ಲಿ. ಮೆಟ್ರೊ ಕಾಮಗಾರಿಯಿಂದ ಕಿರಿದಾದ ರಸ್ತೆ, ಏಸಿ ಹಾಕಿಕೊಂಡು ಬ್ರೇಕ್ ಬಿಟ್ಟು ಹಿಡಿದು ತೊರೈಪಾಕ್ಕಂ ಕಡೆಗೆ ತೆವಳುವುದು. ಕನ್ವರ್ಟರ್ ಲಾಕ್ ಆಗುವ ಮಾತೇ ಇಲ್ಲ; ಎಣ್ಣೆ ಒಳಗೊಳಗೇ ಕಡೆಯುತ್ತಿರುತ್ತದೆ. ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಓದುವ ಓಬಿಡಿ ಸಾಧನ ಸಿಕ್ಕಿಸಿ ಫೋನಿನಲ್ಲಿ ನೋಡುತ್ತಿದ್ದರೆ, ಕಲ್ಲುಮಣ್ಣು ಹೊತ್ತು ಶಿರಾಡಿ ಘಾಟಿ ಹತ್ತುವಾಗ ಕಾಣುವ ಶಾಖವನ್ನೇ ಮೇ ತಿಂಗಳ ಸಂಜೆ ಓಎಂಆರ್‌ನಲ್ಲೂ ಕಾಣಬಹುದು. ನಾನು ನನ್ನ ಗಾಡಿಗೆ ಮಾಡಿಸಿದ್ದು ಅದೊಂದನ್ನೇ: ರೇಡಿಯೇಟರಿನ ಮುಂದೆ ಹೆಚ್ಚುವರಿ ಆಯಿಲ್ ಕೂಲರ್, ಜೊತೆಗೆ ಥರ್ಮೋಸ್ಟಾಟ್. ಥರ್ಮೋಸ್ಟಾಟ್ ಬೇಡವೆಂದು ಉಳಿತಾಯ ಮಾಡಬೇಡಿ. ಡಿಸೆಂಬರಿನ ಸಕಲೇಶಪುರದ ಬೆಳಗ್ಗೆ ಎಣ್ಣೆ ಅತಿಯಾಗಿ ತಣ್ಣಗಿದ್ದರೂ ಗೇರು ಸರಿಯಾಗಿ ಬೀಳುವುದಿಲ್ಲ. ಕೂಲರ್ ಹಾಕಿದ ಮೇಲೆ ಸಂಜೆಯ ಟ್ರಾಫಿಕ್ಕಿನಲ್ಲಿ ಹತ್ತು ಡಿಗ್ರಿಗೂ ಮಿಕ್ಕಿ ಇಳಿದಿದೆ. ಎಂಜಿನ್ ಫೈಲನ್ನು ಮುಟ್ಟಿಲ್ಲ. ನಗರದಲ್ಲಿ ಓಡುವ, ವಿಮೆ ಇರುವ, ಹೆಂಡತಿ ಮಕ್ಕಳು ಕೂರುವ ಗಾಡಿಗೆ 360 ಸಾಕು.

ಚೆನ್ನೈನವರು ಇನ್ನೊಂದನ್ನು ಮರೆಯಬಾರದು, ನೀರು. 2015ರ ಡಿಸೆಂಬರಿನಲ್ಲಿ, ಮತ್ತೆ 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಪಳ್ಳಿಕರಣೈ ಜೌಗಿನ ಸುತ್ತಲಿನ ರಸ್ತೆಗಳಲ್ಲಿ ಪಿಕಪ್‌ಗಳೇ ದೋಣಿಯಾದವು. ಬಿಸಿ ಗೇರ್ ಬಾಕ್ಸ್ ತಣ್ಣನೆಯ ನೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಬ್ರೀದರ್ ಎಂಬ ಪುಟ್ಟ ಉಸಿರುಗೊಳವೆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಎಟಿಎಫ್ ಗುಲಾಬಿ ಹಾಲಿನಂತಾಗುತ್ತದೆ. ತಟ್ಟೆಯ ನಾರಿನ ಪದರ ನೀರು ಕುಡಿದು ಅಂಟು ಬಿಟ್ಟರೆ, ಎಣ್ಣೆ ಬದಲಿಸಿದ ಮಾತ್ರಕ್ಕೆ ಗೇರ್ ಬಾಕ್ಸ್ ಬದುಕುವುದಿಲ್ಲ. ಬ್ರೀದರಿಗೆ ಒಂದು ಉದ್ದದ ರಬ್ಬರ್ ಕೊಳವೆ ಸೇರಿಸಿ ಬಾನೆಟ್‌ನ ಮೇಲ್ಭಾಗಕ್ಕೆ ಕಟ್ಟಿಸುವುದಕ್ಕೆ ಆಗುವ ಖರ್ಚು ಒಂದು ಸಲ ಡೀಸೆಲ್ ತುಂಬಿಸುವುದಕ್ಕಿಂತ ಕಡಿಮೆ. ಲಕ್ಷಗಟ್ಟಲೆ ಸುರಿದು ಟ್ಯೂನ್ ಮಾಡಿಸಿದ ಎಷ್ಟೋ ಗಾಡಿಗಳಲ್ಲಿ ಇದೊಂದು ಇರುವುದಿಲ್ಲ.

ಊರಿನ ಅಣ್ಣನ ಗಾಡಿಯ ಕಥೆ ಬೇರೆ. ಸ್ಪರ್ಧೆಯಲ್ಲಿ ಕೆಸರಿನ ಏರು ಹತ್ತಬೇಕು, ಎರಡು ಟನ್ನಿನ ಗಾಡಿ ಹೂತು ನಿಂತಲ್ಲಿಂದ ಎದ್ದು ಬರಬೇಕು. ‘ಮಾರಾಯ, ಎಂಜಿನ್ ಮೊದ್ಲು ಮಾಡ್ಸಣ, ಗೇರ್ ಬಾಕ್ಸ್ ಹೋದ್ಮೇಲೆ ನೋಡ್ಕಳಣ’ ಎಂದು ಅವನ ವಾದ. ‘ಹೋದ್ಮೇಲೆ ನೋಡಕ್ಕೆ ಏನೂ ಉಳಿಯಲ್ಲ ಅಣ್ಣ’ ಎಂದೆ. ಜಾರಿದ ತಟ್ಟೆಯ ಪುಡಿ ಎಣ್ಣೆಯ ಜೊತೆ ವಾಲ್ವ್ ಬಾಡಿ, ಸೊಲೆನಾಯ್ಡ್, ಕನ್ವರ್ಟರ್, ಕೂಲರ್ ಎಲ್ಲೆಡೆ ಹೋಗಿ ಕೂರುತ್ತದೆ. ಗೇರ್ ಬಾಕ್ಸ್ ಹೊಸದಾಗಿ ಕಟ್ಟಿ ಹಳೆಯ ಕೂಲರನ್ನೇ ಮತ್ತೆ ಹಾಕಿದವರು ಮತ್ತೊಮ್ಮೆ ಕಟ್ಟಬೇಕಾಗುತ್ತದೆ.

ಕ್ಲಚ್ ಎಷ್ಟು ಟಾರ್ಕ್ ಹಿಡಿಯುತ್ತದೆ ಎಂಬುದು ನಿಂತಿರುವುದು ತಟ್ಟೆಗಳ ಸಂಖ್ಯೆ, ಅದುಮುವ ಒತ್ತಡ, ತಟ್ಟೆಯ ಅಗಲ, ಪದರದ ಹಿಡಿತ ಇವುಗಳ ಮೇಲೆ. ಅಗಲ ಹೆಚ್ಚಿಸಲು ಜಾಗವಿಲ್ಲ. ಐದು ತಟ್ಟೆ ಇರುವ ಗುಂಪಿಗೆ ಆರನೆಯದನ್ನು ಸೇರಿಸಿದರೆ ಹಿಡಿತ ಶೇಕಡಾ 20 ಏರುತ್ತದೆ. ಅದರ ಮೇಲೆ ಒತ್ತಡವನ್ನು ಶೇಕಡಾ 10 ಏರಿಸಿದರೆ ಒಟ್ಟು 32. ನಮಗೆ ಬೇಕಾಗಿದ್ದುದು 360ರಿಂದ 420, ಅಂದರೆ 17ರ ಹತ್ತಿರ. ಕಾಗದದ ಮೇಲೆ ಧಾರಾಳ ಎನಿಸುತ್ತದೆ, ಆದರೆ ಇಲ್ಲೊಂದು ತೊಡಕಿದೆ. ಆರನೆಯ ತಟ್ಟೆಗೆ ಜಾಗ ಮಾಡಲು ಉಕ್ಕಿನ ತಟ್ಟೆಗಳನ್ನು ತೆಳ್ಳಗೆ ಮಾಡಬೇಕು. ಗೇರು ಬದಲಾಗುವ ಅರ್ಧ ಸೆಕೆಂಡಿನಲ್ಲಿ ಹುಟ್ಟುವ ಶಾಖವನ್ನು ಹೀರಿಕೊಳ್ಳುವುದು ಆ ಉಕ್ಕೇ. ತೆಳುವಾದಷ್ಟೂ ಬೇಗ ಕಾಯುತ್ತದೆ. ಆದ್ದರಿಂದ ಹೆಚ್ಚು ತಟ್ಟೆ ತುರುಕುವುದಕ್ಕಿಂತ ಉತ್ತಮ ಪದರದ ತಟ್ಟೆ ಹಾಕಿ, ಒತ್ತಡವನ್ನು ಸರಿಯಾಗಿ ಕೂರಿಸಿ, ಗೇರು ಬದಲಾಗುವ ಆ ಅರ್ಧ ಸೆಕೆಂಡು ಎಂಜಿನ್ ತನ್ನ ಟಾರ್ಕ್ ಇಳಿಸಿಕೊಡುವಂತೆ ನೋಡಿಕೊಳ್ಳುವುದೇ ಒಳ್ಳೆಯ ದಾರಿ ಎಂದು ನಾನು, ಮೇಸ್ತ್ರಿ ಇಬ್ಬರೂ ಒಪ್ಪಿದೆವು. ಹೆಚ್ಚು ಕಷ್ಟಪಡುವ ಒಂದು ಗುಂಪಿಗೆ ಮಾತ್ರ ಹೆಚ್ಚುವರಿ ತಟ್ಟೆ ಬಿತ್ತು. ವಾಲ್ವ್ ಬಾಡಿ ಬಿಚ್ಚಿ, ಸವೆದ ವಾಲ್ವ್ ರಂಧ್ರಗಳಿಂದ ಒತ್ತಡ ಸೋರದಂತೆ ಸರಿಮಾಡಿದರು. ಭಾಗಗಳು ಹೊರಗಿನಿಂದ ಬರಬೇಕಾಯಿತು. ಇದೇ ಇಸುಜು ಪಿಕಪ್ ಥಾಯ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಮನೆಮಾತು; ಅಲ್ಲಿ ಮೂರೂವರೆ ಟನ್ನಿನವರೆಗೆ ಟ್ರೇಲರ್ ಎಳೆಯುತ್ತಾರೆ, ಹಾಗಾಗಿ ಕೂಲರ್, ಕನ್ವರ್ಟರ್ ಇತ್ಯಾದಿಗಳಿಗೆ ದೊಡ್ಡ ಮಾರುಕಟ್ಟೆಯೇ ಇದೆ.

ಟಾರ್ಕ್ ಕನ್ವರ್ಟರ್ ಬಗ್ಗೆ ಎರಡು ಮಾತು ಹೇಳಲೇಬೇಕು. ಗಾಡಿ ನಿಂತಲ್ಲಿಂದ ಹೊರಡುವಾಗ ಅದು ಎಂಜಿನ್‌ನ ಟಾರ್ಕನ್ನು ಎರಡು ಪಟ್ಟಿನ ಹತ್ತಿರಕ್ಕೆ ಹಿಗ್ಗಿಸುತ್ತದೆ. 360 ಎಂದು ನಾವು ಹೇಳುವಾಗ ಗೇರ್ ಬಾಕ್ಸಿನ ಬಾಯಿಗೆ ಬೀಳುತ್ತಿರುವುದು 650 ಇರಬಹುದು. ಟ್ಯೂನ್ ಮಾಡಿ 420 ಕೊಟ್ಟರೆ ಆ ಹೆಚ್ಚಳವೂ ಹಿಗ್ಗುತ್ತದೆ. ಈ ಕಾರಣಕ್ಕೆ ಅಣ್ಣನ ಗಾಡಿಯಲ್ಲಿ ಮೊದಲ ಎರಡು ಗೇರಿಗೆ ಕಾರ್ಖಾನೆಯ ಮಿತಿಯನ್ನೇ ಉಳಿಸಿ, ಮೂರನೆಯ ಗೇರಿನಿಂದ ಮೇಲೆ ಮಾತ್ರ 420 ಬಿಟ್ಟಿದ್ದೇವೆ. ಕೆಸರಿನಲ್ಲಿ ಮೊದಲ ಗೇರಿನಲ್ಲಿ ಟಾರ್ಕ್‌ಗೆ ಬರವಿಲ್ಲ, ಟೈರಿಗೆ ಹಿಡಿತದ ಬರ.

ಅಮೆರಿಕದವರು ಈ ಪಾಠವನ್ನು ದುಬಾರಿ ಬೆಲೆ ಕೊಟ್ಟು ಕಲಿತರು. ಡಾಡ್ಜ್ ಪಿಕಪ್‌ಗಳಲ್ಲಿ ಕಮಿನ್ಸ್‌ನ 5.9 ಲೀಟರ್ ಡೀಸೆಲ್ ಎಂಜಿನ್ ಅತಿ ಗಟ್ಟಿ, ಅದರ ಹಿಂದಿನ 47ಆರ್‌ಇ ಎಂಬ ನಾಲ್ಕು ಗೇರಿನ ಆಟೊಮ್ಯಾಟಿಕ್ ಅಷ್ಟು ಗಟ್ಟಿಯಲ್ಲ. ಎಂಜಿನ್ ಟ್ಯೂನ್ ಮಾಡಿದ ಕೂಡಲೇ ಕನ್ವರ್ಟರಿನೊಳಗಿನ ಒಂಟಿ ಲಾಕ್ ಕ್ಲಚ್ ಜಾರತೊಡಗುತ್ತಿತ್ತು. ಅದಕ್ಕೆ ಮೂರು ತಟ್ಟೆಯ ಕನ್ವರ್ಟರ್ ಬಂತು. ಆಗ ಒಳಗಿನ ಇನ್‌ಪುಟ್ ದಂಡ ಮುರಿಯುತ್ತಿತ್ತು. ಅದಕ್ಕೆ ಇಡಿಯ ಉಕ್ಕಿನಿಂದ ಕಡೆದ ದಂಡ ಬಂತು. ಒಂದು ಕೊಂಡಿ ಬಿಗಿ ಮಾಡಿದರೆ ಮುಂದಿನ ಕೊಂಡಿ ಕೈಕೊಡುತ್ತದೆ. ಜನರಲ್ ಮೋಟರ್ಸ್‌ನ ಡ್ಯುರಾಮ್ಯಾಕ್ಸ್ ಪಿಕಪ್‌ಗಳಿಗೆ 2001ರಿಂದ ಹಾಕಿದ ಆಲಿಸನ್ 1000 ಗೇರ್ ಬಾಕ್ಸ್ ಇನ್ನೂ ಜಾಣತನದ್ದು. ಒಳಗೆ ಹೋಗುವ, ಹೊರಗೆ ಬರುವ ಸುತ್ತುಗಳನ್ನು ಹೋಲಿಸಿ ಜಾರಿಕೆ ಕಂಡ ತಕ್ಷಣ ಅದು ಲಿಂಪ್ ಮೋಡ್‌ಗೆ ಹೋಗಿ, ಗೇರು ಬದಲಿಸಲು ಒಪ್ಪುವುದಿಲ್ಲ. ಎಷ್ಟೋ ಮಾಲೀಕರು ಅದನ್ನು ಗೇರ್ ಬಾಕ್ಸಿನ ದೋಷ ಎಂದು ಬೈದರು. ನನ್ನ ಪ್ರಕಾರ ಅದು ತನ್ನ ಕ್ಲಚ್‌ಗಳನ್ನು ತಾನೇ ಉಳಿಸಿಕೊಂಡ ಗೇರ್ ಬಾಕ್ಸ್.

ಕಾನೂನಿನ ವಿಷಯವನ್ನೂ ನೇರವಾಗಿ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲತಃ ಕೊಟ್ಟ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಎನ್ನುತ್ತದೆ. ಡಿಪಿಎಫ್ ಕತ್ತರಿಸಿ ತೆಗೆಯುವುದು, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ಮುಚ್ಚಿಬಿಡುವುದನ್ನು ‘ಟ್ಯೂನ್’ ಎಂದು ಮಾರುವವರಿದ್ದಾರೆ. ನಾನು ಅದಕ್ಕೆ ಕೈ ಹಾಕುವುದಿಲ್ಲ, ಅಣ್ಣನ ಗಾಡಿಯಲ್ಲೂ ಅವೆರಡೂ ಇದ್ದಂತೆಯೇ ಇವೆ. ಆ ಗಾಡಿ ಸಾರ್ವಜನಿಕ ರಸ್ತೆಗೆ ಇಳಿಯುವುದಿಲ್ಲ ಎಂಬ ಷರತ್ತಿನ ಮೇಲೆಯೇ ನಾನು ಲ್ಯಾಪ್‌ಟಾಪ್ ತೆರೆದಿದ್ದು. ರಸ್ತೆಯಲ್ಲಿ ಓಡುವ ಗಾಡಿಯಾದರೆ ಕಂಪನಿಯ ವಾರಂಟಿ, ವಿಮೆ ಎರಡರ ಬಗ್ಗೆಯೂ ಮೊದಲೇ ಯೋಚಿಸಿ.

ಗೇರ್ ಬಾಕ್ಸ್ ಕಟ್ಟಿ ಮುಗಿದ ಮೇಲೆ ಹಳೆಯ ಕಲಿಕೆಯನ್ನು ಕಂಪ್ಯೂಟರಿನಿಂದ ಅಳಿಸಬೇಕು. ಪ್ರತಿ ಕ್ಲಚ್‌ಗೆ ಎಣ್ಣೆ ತುಂಬಲು ಎಷ್ಟು ಹೊತ್ತು ಬೇಕು, ತಟ್ಟೆ ಯಾವಾಗ ಮುಟ್ಟುತ್ತದೆ ಎಂಬುದನ್ನು ಅದು ಓಡುತ್ತ ಓಡುತ್ತ ಕಲಿತು ಬರೆದಿಟ್ಟುಕೊಂಡಿರುತ್ತದೆ. ಹೊಸ ತಟ್ಟೆಗೆ ಹಳೆಯ ಲೆಕ್ಕ ಹಿಡಿಸುವುದಿಲ್ಲ. ಅಳಿಸಿ, ಹಗುರವಾದ ಪಾದದಲ್ಲಿ ಎಲ್ಲ ಗೇರುಗಳನ್ನೂ ಮೇಲೆ ಕೆಳಗೆ ಓಡಿಸಿ ಮತ್ತೆ ಕಲಿಸಬೇಕು. ಅಣ್ಣನಿಗೆ ಇದು ಸಹಿಸಲಾಗದ ಶಿಕ್ಷೆಯಾಗಿತ್ತು. ತೋಟದ ಹಾದಿಯಲ್ಲಿ ಕಾಫಿ ಮೂಟೆ ಹೊತ್ತು ನಿಧಾನವಾಗಿ ಓಡಿಸು ಎಂದೆ, ಓಡಿಸಿದ. ಆಮೇಲೆ ಡೈನೊಗೆ ಹೋದೆವು.

ನೀವೂ ಟ್ಯೂನ್ ಮಾಡುವವರ ಅಂಗಡಿಗೆ ಹೋದರೆ ಎಷ್ಟು ಪಿಎಸ್ ಏರಿಸುತ್ತೀರಿ ಎಂದು ಕೇಳಬೇಡಿ, ಅದನ್ನು ಅವರೇ ಹೇಳುತ್ತಾರೆ. ಹೀಗೆ ಕೇಳಿ: ಟ್ಯೂನ್ ಆದ ಮೇಲೆ ಎಂಜಿನ್ ಕಂಪ್ಯೂಟರ್ ಗೇರ್ ಬಾಕ್ಸಿಗೆ ಕಳಿಸುವ ಟಾರ್ಕ್ ಅಂಕಿಯನ್ನೂ ಡೈನೊ ಅಂಕಿಯನ್ನೂ ಒಂದೇ ಕಾಗದದ ಮೇಲೆ ತೋರಿಸುತ್ತೀರಾ? ಪ್ರತಿ ಗೇರಿನಲ್ಲಿ ಕ್ಲಚ್ ಎಷ್ಟು ಸುತ್ತು ಜಾರುತ್ತಿದೆ ಎಂಬ ದಾಖಲೆ ಕೊಡುತ್ತೀರಾ? ಎಟಿಎಫ್ ಶಾಖ ಎಷ್ಟಕ್ಕೆ ಹೋದರೆ ಟಾರ್ಕ್ ತಾನಾಗಿ ಇಳಿಯುವಂತೆ ಬರೆದಿದ್ದೀರಿ? ಈ ಮೂರಕ್ಕೂ ಉತ್ತರ ಇರುವವರ ಕೈಗೆ ಕೀಲಿ ಕೊಡಿ. ಉತ್ತರ ಇಲ್ಲದಿದ್ದರೆ, ಎಣ್ಣೆ ಬದಲಿಸಿ, ಕೂಲರ್ ಹಾಕಿಸಿ, ಬ್ರೀದರ್ ಎತ್ತರಕ್ಕೆ ಕಟ್ಟಿಸಿಕೊಂಡು ಮನೆಗೆ ಬನ್ನಿ.